ಹಾರಿದ್ದು ರೆಪ್ಪೆಯಲ್ಲ

ಎಡಗಣ್ಣು ಹಾರುತ್ತದೆ ಎಂದು ಮೊದಲು ಹೇಳಿದವಳು ನಾನೇ. ಅದಕ್ಕೆ ಬೇರೆ ಮಾತು ನನಗೆ ಗೊತ್ತಿರಲಿಲ್ಲ. ಕುರುಗೋಡಿನಲ್ಲಿ ಮೂರನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಹಾಕುತ್ತೇನೆ, ಇದನ್ನೂ ಅಕ್ಷರ ಅಕ್ಷರ ಕೂಡಿಸಿಯೇ ಬರೆಯುತ್ತಿದ್ದೇನೆ. ಕಣ್ಣು ತನ್ನಷ್ಟಕ್ಕೆ ಅದುರಿದರೆ ನಮ್ಮ ಕಡೆ ಹಾರುತ್ತದೆ ಎನ್ನುತ್ತಾರೆ. ನಾನೂ ಹಾಗೇ ಅಂದೆ. ಆ ಮಾತು ಹಿಡಿದುಕೊಂಡು ಊರೆಲ್ಲ ದಾರಿ ತಪ್ಪಿತು.

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು ಬಹಳ. ಹೊಲಿದ ಪ್ಯಾಂಟಿನ ತುಂಬಾ ದಾರದ ತುದಿಗಳು ಜೋತಾಡುತ್ತಿರುತ್ತವೆ. ಅವನ್ನು ಕತ್ತರಿಸಿ ಕೊಡಲಿ ಎಂದು ಗಂಟು ಕಟ್ಟಿ ನಮ್ಮಂಥ ಹೆಂಗಸರ ಮನೆಗೆ ಕಳಿಸುತ್ತಾರೆ. ಗಂಡ ಸತ್ತ ಮೇಲೆ ನಾನು ಹಿಡಿದ ಕೆಲಸ ಅದು. ಈಗ ಸೊಸೆಯೂ ಜೊತೆಗೆ ಕೂರುತ್ತಾಳೆ. ಮಗ ಲಾರಿ ಮೇಲೆ ಹೋದರೆ ಮನೆಯಲ್ಲಿ ನಾವಿಬ್ಬರೇ, ಪ್ಯಾಂಟಿನ ರಾಶಿ, ಎರಡು ಚಿಕ್ಕ ಕತ್ತರಿ.

ಒಂದು ಮಧ್ಯಾಹ್ನ ಜೇಬಿನ ಹತ್ತಿರದ ದಾರಕ್ಕೆ ಕತ್ತರಿ ಇಟ್ಟೆ. ದಾರ ನಡುಗಿತು. ಗಾಳಿ ಅಂದುಕೊಂಡೆ. ಗಾಳಿ ಇರಲಿಲ್ಲ. ನೋಡುತ್ತಿದ್ದಂತೆ ಒಂದು ದಾರ ಎರಡಾಯಿತು. ಒಂದು ನೆಟ್ಟಗಿತ್ತು, ಇನ್ನೊಂದು ಅದರ ಮೇಲೆ ಓರೆಯಾಗಿ ಹತ್ತಿ ಗಿರಗಿರ ಅದುರುತ್ತಿತ್ತು. ಎಡಗಣ್ಣು ಮುಚ್ಚಿದರೆ ನಿಂತಿತು. ತೆಗೆದರೆ ಮತ್ತೆ ಶುರು. ನಾಲ್ಕು ಉಸಿರು ಬಿಡುವಷ್ಟರಲ್ಲಿ ತಾನೇ ಹೋಯಿತು.

"ಎಡಗಣ್ಣು ಹಾರಾಕತ್ತೈತಿ" ಅಂದೆ.

ಸೊಸೆ ತಲೆ ಎತ್ತಲಿಲ್ಲ. "ಒಳ್ಳೇದಾತು ಬಿಡ್ರಿ ಅತ್ತಿ. ಹೆಂಗಸರಿಗೆ ಎಡಗಣ್ಣು ಹಾರಿದ್ರ ಏನರ ಕೂಡಿ ಬರ್ತೈತಿ."

ಕೂಡಿ ಬಂದದ್ದು ಏನೆಂದರೆ, ಅದು ದಿನಾ ಬರತೊಡಗಿತು. ಕೆಳಗೆ ನೋಡಿದಾಗ ಜಾಸ್ತಿ, ದಣಿದಾಗ ಇನ್ನೂ ಜಾಸ್ತಿ. ನಮ್ಮ ಮನೆ ಮಾಳಿಗೆಯ ಮೇಲಿದೆ, ಹೊರಗಿನಿಂದ ಕಿರಿದಾದ ಮೆಟ್ಟಿಲು. ಇಳಿಯುವಾಗ ಮೆಟ್ಟಿಲು ಅಲುಗುತ್ತಿತ್ತು. ಗೋಡೆ ಹಿಡಿದು, ಒಂದು ಕಣ್ಣು ಮುಚ್ಚಿ ಇಳಿಯುತ್ತಿದ್ದೆ. ಆದರೆ ಓಣಿಗೆ ಸುದ್ದಿ ಹೋದದ್ದು ಬೇರೆ ರೀತಿ. ಎಡಗಣ್ಣು ಬಿಡದೆ ಹಾರುವ ಹೆಂಗಸು ಎಂದು ನನ್ನನ್ನು ನಾಲ್ಕು ಜನ ಹುಡುಕಿಕೊಂಡು ಬಂದರು. ಒಬ್ಬಳು ಬಂಗಾರ ಕೊಳ್ಳಲು ಜೊತೆಗೆ ಕರೆದಳು. ಇನ್ನೊಬ್ಬಳು ಮಗಳನ್ನು ನೋಡಲು ಗಂಡಿನವರು ಬರುವ ದಿನ, ಬಂದು ಸುಮ್ಮನೆ ಕೂತಿರು ಅಂದಳು. ಹೋದೆ. ಅವಲಕ್ಕಿ ಕೊಟ್ಟರು. ನನಗೆ ಅವರ ಮೇಲೆ ಅನುಮಾನ. ಕಷ್ಟದಲ್ಲಿ ಒಂದು ದಿನ ಬಾರದವರು ಕಣ್ಣು ಹಾರಿದರೆ ಬರುತ್ತಾರೆ.

ಎಲ್ಲರನ್ನೂ ಮೀರಿಸಿದವನು ಕುರುಗೋಡಿನ ನನ್ನ ತಮ್ಮ. ಹೊಸ ಮನೆ ಕಟ್ಟಿಸುವ ಜಾಗದಲ್ಲಿ ಬೋರ್ ಹಾಕಿಸುತ್ತಿದ್ದ. ಬಸ್ಸಿನ ಹಾದಿ ಕಾಯುತ್ತಾ ನಿಂತು ನನ್ನನ್ನು ಇಳಿಸಿಕೊಂಡು, ನೇರ ಆ ಜಾಗಕ್ಕೆ ಕರೆದೊಯ್ದ. ತೆಂಗಿನಕಾಯಿ ಹಿಡಿದು ಅಂಗೈ ಮೇಲೆ ನಿಲ್ಲಿಸಿ ನೀರು ಹುಡುಕುವವನು ಒಂದು ಕಡೆ, ನಾನು ಒಂದು ಕಡೆ.

"ಅಕ್ಕಾ, ನೀ ಅಲ್ಲಿ ನಿಂದ್ರು. ಹಾರ್ತೈತಾ?"

"ಇಲ್ಲ."

"ಇಲ್ಲಿ ಬಾ. ಈಗ?"

ಕೆಳಗೆ ನೋಡುತ್ತಾ ನಡೆದೆನಲ್ಲ, ಹಾರದೆ ಇರುತ್ತದೆಯೇ. "ಹೂಂ" ಅಂದೆ. ಅಲ್ಲೇ ಬೋರ್ ಹಾಕಿಸಿದ. ನೀರೂ ಬಂತು, ಉಪ್ಪು ನೀರು. ಉಪ್ಪಾದರೇನು, ಬಂತಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಆಮೇಲೆ ಸೊಸೆಯ ತವರು ಸಿರುಗುಪ್ಪಕ್ಕೆ, ಅವಳ ಅಣ್ಣನ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋದೆವು. ಅಲ್ಲಿ ಕೂಸಿನ ಮುಖ ನೋಡಲು ಬಗ್ಗಿದೆ. ಕೂಸಿಗೆ ಎರಡು ಮುಖ ಕಂಡವು, ಒಂದರ ಮೇಲೊಂದು ಅಲುಗಾಡುತ್ತಾ. ನಾನು ಹಿಂದಕ್ಕೆ ಸರಿದದ್ದು ನೋಡಿ ಬೀಗಿತ್ತಿ ಮುಖ ಗಂಟು ಹಾಕಿಕೊಂಡಳು. ಅವಳಿಗೆ ವಿವರಿಸುವುದಕ್ಕಿಂತ ಡಾಕ್ಟರಿಗೆ ತೋರಿಸುವುದು ಸುಲಭ ಎಂದು ಮರುದಿನ ಅಲ್ಲೇ ಒಬ್ಬ ಡಾಕ್ಟರ ಹತ್ತಿರ ಹೋದೆ.

"ಏನಾಗೈತಿ?" ಎಂದ.

"ಎಡಗಣ್ಣು ಹಾರ್ತೈತ್ರಿ."

ಅಷ್ಟೇ. ಬ್ಯಾಟರಿ ಹಚ್ಚಲಿಲ್ಲ, ರೆಪ್ಪೆ ಎತ್ತಲಿಲ್ಲ. "ಚಾ ಕಮ್ಮಿ ಮಾಡು, ನಿದ್ದಿ ಮಾಡು. ಏನೂ ಆಗಂಗಿಲ್ಲ" ಎಂದು ಮುಂದಿನವರನ್ನು ಕರೆದ. ನಾನು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದ: "ಹೆಂಗಸರಿಗೆ ಎಡಗಣ್ಣು ಚಲೋನ ಅಲ್ಲೇನ ಬೇ?" ಎಲ್ಲರೂ ನಕ್ಕರು. ನಾನು ನಗಲಿಲ್ಲ. ಏನೂ ಆಗುವುದಿಲ್ಲ ಎಂದು ನೋಡದೆ ಹೇಳುವವನನ್ನು ನಾನು ನಂಬುವುದಿಲ್ಲ. ನನ್ನ ಗಂಡನ ಎದೆನೋವಿಗೂ ಒಬ್ಬ ಹಾಗೇ ಅಂದಿದ್ದ.

ಚಹಾ ಬಿಟ್ಟೆ. ತಲೆನೋವು ಬಂತು, ಕಣ್ಣಿನದು ಹೋಗಲಿಲ್ಲ.

ಒಂದು ಮಧ್ಯಾಹ್ನ ಕತ್ತರಿ ದಾರ ಬಿಟ್ಟು ಬಟ್ಟೆಗೆ ಹೋಯಿತು. ಪ್ಯಾಂಟಿನ ತೊಡೆಯ ಮೇಲೆ ಬೆರಳು ತೂರುವಷ್ಟು ತೂತು. ಗಂಟು ತಂದು ಹಾಕುವ ಪ್ಯಾಂಟಿನವನು ಬಂದು, "ಯಮ್ಮಾ, ಹರಕು ಪ್ಯಾಂಟ್ ಈಗ ಫ್ಯಾಷನ್ನ ಐತಿ, ಆದ್ರ ಹರಿಯೋ ಕೆಲಸ ನಿಮಗ ಕೊಟ್ಟಿಲ್ಲ" ಎಂದು ಅಣಕಿಸಿ ಹೋದ. ಅದನ್ನು ತಡೆದುಕೊಂಡೆ. ತಡೆಯಲಾಗದ್ದು ಅದರ ಮರುವಾರ ನಡೆಯಿತು. ನೀರು ಕುಡಿದು ಒಳಗಿನಿಂದ ಬರುತ್ತೇನೆ, ನಾನು ಮುಗಿಸಿ ಇಟ್ಟ ರಾಶಿಯಿಂದ ಸೊಸೆ ಒಂದೊಂದೇ ಪ್ಯಾಂಟು ತೆಗೆದು ತಿರುವಿ ನೋಡುತ್ತಿದ್ದಾಳೆ. ನನ್ನನ್ನು ಕಂಡು ಕೈ ಹಿಂದಕ್ಕೆ ಎಳೆದುಕೊಂಡಳು.

"ಎಷ್ಟು ದಿನದಿಂದ ನಡದೈತಿ ಇದು?"

"ಏನಿಲ್ಲ ಅತ್ತಿ, ಸುಮ್ನ."

"ಸುಮ್ನ ಯಾರೂ ಪ್ಯಾಂಟಿನ ಒಳಗ ಕೈ ಹಾಕಂಗಿಲ್ಲ."

ಈ ಮನೆಯಲ್ಲಿ ಅನುಮಾನ ಪಡುವ ಕೆಲಸ ನನ್ನದು. ನನ್ನ ಕೈಕೆಲಸದ ಮೇಲೆ ಇನ್ನೊಬ್ಬರು ಅನುಮಾನ ಪಟ್ಟರೆ ನಾನು ಕೂತು ತಿನ್ನುವ ಮುದುಕಿಯಾದೆ ಎಂದು ಅರ್ಥ. ಕತ್ತರಿ ಕೈಯಲ್ಲಿ ಉಳಿಯಬೇಕು, ನನಗೆ ಬೇಕಾದದ್ದು ಅಷ್ಟೇ. ಮರುದಿನವೇ ಕಂಟೋನ್ಮೆಂಟ್ ಕಡೆಯ ಒಂದು ಕಣ್ಣಿನ ಆಸ್ಪತ್ರೆಗೆ ಹೊರಟೆ. ಅವಳೂ ಚಪ್ಪಲಿ ಮೆಟ್ಟಿಕೊಂಡಳು.

ಅಲ್ಲಿದ್ದವನು ಬೆಂಗಳೂರು ಕಡೆಯ ಮಾತಿನ ಹುಡುಗ ಡಾಕ್ಟರ. ಒಂದು ಯಂತ್ರಕ್ಕೆ ನನ್ನ ಗದ್ದ ಒತ್ತಿಸಿ ಬೆಳಕು ಬಿಟ್ಟ. ಕೆಳಗೆ ನೋಡಿ, ಮೇಲೆ ನೋಡಿ ಅಂದ. ಕಣ್ಣು ಅದುರಿದ್ದೇ ತಡ, ಕೂತವನು ಎದ್ದು ನಿಂತ. ಹೊರಗೆ ಹೋಗಿ ಇನ್ನೂ ಮೂರು ಜನರನ್ನು ಕರೆತಂದ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಒಬ್ಬಳು ಫೋನು ಹಿಡಿದು ಸಿನಿಮಾ ತೆಗೆದಳು.

"ಬಹಳ ಅಪರೂಪದ್ದು ಅಜ್ಜಿ ಇದು" ಅಂದ. ಮುಖ ಅರಳಿತ್ತು.

ಅಪರೂಪ ಎಂಬ ಮಾತು ಕೇಳಿದರೆ ನಾನು ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತೇನೆ. ಅಪರೂಪದ ಸೀರೆ, ಅಪರೂಪದ ಜಾಗ, ಅಪರೂಪದ ವರ, ಎಲ್ಲ ಕೇಳಿದ್ದೇನೆ. ಬಿಕರಿಯಾಗದೆ ಉಳಿದದ್ದಕ್ಕೆ ಹಾಗೆನ್ನುತ್ತಾರೆ.

ಅವನು ಮಾತ್ರೆ ಬರೆದುಕೊಟ್ಟ. "ಇದು ತಗೊಳ್ಳಿ, ಏನೂ ಆಗಲ್ಲ." ಮನೆಗೆ ಬರುವಾಗ ಸತ್ಯನಾರಾಯಣಪೇಟೆಯ ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟರೆ ಅಂಗಡಿಯವನು ನಮ್ಮಿಬ್ಬರ ಮುಖ ನೋಡಿದ. "ಫಿಟ್ಸ್ ಯಾರಿಗ್ರಿ?"

"ಯಾರಿಗೂ ಇಲ್ಲ. ಕಣ್ಣಿಗೆ."

"ಇದು ಫಿಟ್ಸಿನ ಮಾತ್ರಿರಿ."

ಸೊಸೆಯನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಕಣ್ಣಿಗೆ ಬಂದರೆ ಫಿಟ್ಸಿಗೆ ಕೊಡುವವನು ನಾಳೆ ಹಲ್ಲಿಗೆ ಬಂದರೆ ಏನು ಕೊಟ್ಟಾನು. ಆದರೂ ನುಂಗಿದೆ, ಬೇರೆ ದಾರಿ ಇರಲಿಲ್ಲ. ಕಣ್ಣಿನ ನಡುಕ ಕಮ್ಮಿಯಾಯಿತು, ನಿಜ. ಆದರೆ ಕಾಲು ತೂರಾಡತೊಡಗಿದವು. ಹಗಲು ಹೊತ್ತೇ ಕುಡಿದವರ ಹಾಗೆ ಗೋಡೆಗೆ ಭುಜ ತಾಗಿಸುತ್ತಾ ನಡೆದೆ. ಮೊದಲು ಮೆಟ್ಟಿಲು ಅಲುಗುತ್ತಿತ್ತು, ಈಗ ನಾನು ಅಲುಗಿದೆ. ವಾಪಸು ಹೋಗಿ ಮಾತ್ರೆಯ ಡಬ್ಬಿ ಅವನ ಮೇಜಿನ ಮೇಲೆ ಇಟ್ಟೆ. ಒಂದೇ ಸಲಕ್ಕೆ ನಿಲ್ಲಿಸಬೇಡಿ ಎಂದು ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದ. ಕಣ್ಣಿಗೆ ಹನಿ ಹಾಕಿಸಿದ. ತಲೆಯನ್ನು ಸುರಂಗದಂಥ ಯಂತ್ರಕ್ಕೆ ನೂಕಿ ಚಿತ್ರ ತೆಗೆಸಿದ. ತಲೆಯಲ್ಲಿ ಗಂಟು ಗಿಂಟು ಏನೂ ಇಲ್ಲ ಎಂದು ಗೊತ್ತಾಯಿತು. ಹನಿಯಿಂದಲೂ ಬಹಳ ಉಪಯೋಗವಾಗಲಿಲ್ಲ.

"ಹಾಗಾದರೆ ಆಪರೇಷನ್ ಅಜ್ಜಿ. ಮೆಳ್ಳಗಣ್ಣಿನ ಆಪರೇಷನ್ ಮಾಡೋ ಮೇಡಂ ತಿಂಗಳಿಗೊಮ್ಮೆ ಬರ್ತಾರೆ. ಚಿಕ್ಕದು, ಏನೂ ಆಗಲ್ಲ."

"ನನಗ ಮೆಳ್ಳಗಣ್ಣಿಲ್ಲ" ಅಂದೆ. ಅವನು ನಕ್ಕ. ಇಲ್ಲದ ರೋಗಕ್ಕೆ ಕೊಯ್ಯುತ್ತಾರೆ ಎಂದು ಸೊಸೆಗೆ ದಾರಿಯುದ್ದಕ್ಕೂ ಹೇಳಿದೆ.

ಆ ಮೇಡಂ ಅನಂತಪುರದ ಕಡೆಯವಳು. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾಳೆ. ನನ್ನನ್ನು ಪೆದ್ದಮ್ಮಾ ಅಂದಳು, ದೊಡ್ಡವ್ವ ಅಂದ ಹಾಗೆ. ಬಾಯಿ ಸಿಹಿ ಇದ್ದವರ ಮೇಲೆ ನನಗೆ ಇನ್ನೂ ಒಂದು ಕಣ್ಣು ಜಾಸ್ತಿ.

"ಏನಾಗ್ತದ ಪೆದ್ದಮ್ಮಾ?"

"ಕಣ್ಣು ಹಾರ್ತೈತಿ."

"ಹಾರೋದು ಯಾವುದು? ರೆಪ್ಪಿನಾ, ಒಳಗಿನ ಗುಡ್ಡಿನಾ?"

ಇಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನಮ್ಮ ಮಾತಿನಲ್ಲಿ ರೆಪ್ಪೆ ಹಾರಿದರೂ ಕಣ್ಣು ಹಾರಿತು, ಗುಡ್ಡೆ ಹಾರಿದರೂ ಕಣ್ಣು ಹಾರಿತು. ಬೆರಳು ಇಟ್ಟು ನೋಡಿದ್ದು ನೆನಪಾಯಿತು. ರೆಪ್ಪೆ ಎಂದೂ ಅದುರಿರಲಿಲ್ಲ. "ಗುಡ್ಡಿ" ಅಂದೆ. ಸೊಸೆ ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು. ಅವಳ ತಲೆಯಲ್ಲಿ ಕುರುಗೋಡಿನ ಬೋರು ಓಡುತ್ತಿತ್ತೋ ಏನೋ.

ಮೇಡಂ ಒಂದು ಹಾಳೆಯ ಮೇಲೆ ಕಣ್ಣು ಬರೆದಳು. ಗುಡ್ಡೆಗೆ ಆರು ಮಾಂಸಖಂಡ ಅಂಟಿಕೊಂಡಿರುತ್ತವಂತೆ, ಹಗ್ಗದ ಹಾಗೆ. ಅದರಲ್ಲಿ ಒಂದು ಮಾತ್ರ ಮೂಗಿನ ಪಕ್ಕ ಮೇಲುಗಡೆ ಒಂದು ಗಡಗಡಿಯಲ್ಲಿ ಹಾದು ಬರುತ್ತದಂತೆ, ಬಾವಿಯ ಹಗ್ಗದ ಹಾಗೇ. ಕಣ್ಣನ್ನು ಕೆಳಗೆ ಇಳಿಸುವುದಕ್ಕೆ ಅದು ಬೇಕು. ನನ್ನದು ಯಾರೂ ಎಳೆಯದೆ ತಾನೇ ಎಳೆದುಕೊಳ್ಳುತ್ತಿದೆ.

"ಹಂಗಾದ್ರ ಏನ್ ಮಾಡ್ತಿ?"

ಅವಳು ಹೇಳಿದಳು. ಮೊದಲನೆಯದು, ಏನೂ ಮಾಡದೆ ಬಿಡುವುದು. ಇದರಿಂದ ಕಣ್ಣು ಕುರುಡಾಗುವುದಿಲ್ಲ, ಒಮ್ಮೊಮ್ಮೆ ತಾನೇ ವರ್ಷಗಟ್ಟಲೆ ಸುಮ್ಮನಿರುತ್ತದೆ. ಎರಡನೆಯದು, ಆ ಮೇಲಿನ ಹಗ್ಗ ಒಂದನ್ನೇ ಕತ್ತರಿಸುವುದು. ನಡುಕ ನಿಲ್ಲುತ್ತದೆ, ಆದರೆ ತೂಕ ತಪ್ಪಿ ಕಣ್ಣು ಮೇಲಕ್ಕೆ ಹೋದೀತು. ಮೂರನೆಯದು, ಅದನ್ನು ಕತ್ತರಿಸಿ, ಅದೇ ಸಲ ಅದಕ್ಕೆ ಎದುರಾಗಿ ಎಳೆಯುವ ಕೆಳಗಿನ ಹಗ್ಗವನ್ನೂ ಸಡಿಲ ಮಾಡುವುದು, ಎರಡೂ ಕಡೆ ಸಮ ಆಗಲಿ ಎಂದು. ನಾಲ್ಕನೆಯದು, ದೊಡ್ಡ ಊರಿನಲ್ಲಿ ತಲೆಬುರುಡೆ ತೆಗೆದು ನರಕ್ಕೆ ಒತ್ತಿರುವ ರಕ್ತನಾಳವನ್ನು ಸರಿಸುವುದು.

"ನಾಕನೇದ್ದು ಮಾತಾಡಬ್ಯಾಡ" ಅಂದೆ.

"ನಾನೂ ಹೇಳಲ್ಲ ಪೆದ್ದಮ್ಮಾ. ಚಿತ್ರದಾಗ ಹಂಗ ಒತ್ತಿದ್ದು ಕಾಣಲಿಲ್ಲ."

ಆಗ ನನಗೆ ಗೊತ್ತಿದ್ದ ಒಂದೇ ವಿದ್ಯೆ ಅವಳ ಮುಂದೆ ಇಟ್ಟೆ. ಜೀನ್ಸಿನಲ್ಲಿ ಚೈನ್ ಹೊಲಿಗೆ ಎಂದು ಒಂದಿದೆ. ನೋಡಲು ಗಟ್ಟಿ. ಆದರೆ ಕತ್ತರಿಸಬಾರದ ಕಡೆ ಕತ್ತರಿಸಿ ತುದಿ ಎಳೆದರೆ ಸೊಂಟದ ಪಟ್ಟಿ ಪೂರ್ತಿ ಸರ್ರನೆ ಬಿಚ್ಚಿಕೊಳ್ಳುತ್ತದೆ. "ಕಣ್ಣಾಗ ಹಂಗ ಬಿಚ್ಚಿಕೊಂಡ್ರ?"

ಹುಡುಗ ಡಾಕ್ಟರ ಪಕ್ಕದಲ್ಲೇ ಇದ್ದ. "ಏನೂ ಆಗಲ್ಲ ಅಜ್ಜಿ" ಅಂದ.

ಮೇಡಂ ಅವನ ಕಡೆ ನೋಡಲಿಲ್ಲ. "ಆಗಬಹುದು" ಅಂದಳು. "ಕೆಳಗ ನೋಡಿದಾಗ ಒಂದು ಎರಡಾಗಿ ಕಾಣಬಹುದು. ಸ್ವಲ್ಪ ದಿನ ಇದ್ದು ಹೋಗಬಹುದು, ಉಳಿಯಬಹುದು. ಉಳಿದ್ರ ಕನ್ನಡಕ, ಇಲ್ಲಾ ಇನ್ನೊಂದು ಆಪರೇಷನ್. ನೀನು ಏನ್ ಕೆಲಸ ಮಾಡ್ತಿ?"

"ಕೆಳಗ ನೋಡೋ ಕೆಲಸನ."

"ಹಂಗಾದ್ರ ಅವಸರ ಮಾಡಬ್ಯಾಡ. ಮನಿಗೆ ಹೋಗು, ವಿಚಾರ ಮಾಡು. ಮುಂದಿನ ತಿಂಗಳು ಬಂದಾಗ ಹೇಳು. ಬ್ಯಾಡ ಅಂದ್ರೂ ಸಿಟ್ಟಿಲ್ಲ."

ನಾನು ಹೊರಗೆ ಬಂದು ಆಟೋ ಹಿಡಿದೆ. ಹತ್ತಿದ ಮೇಲೆ ಅಂದೆ: "ಇಕಿನೂ ಪಕ್ಕಾ ಅದಾಳ. ಬ್ಯಾಡ ಬ್ಯಾಡ ಅಂತ ಹೇಳಿನ ಗಿರಾಕಿನ್ನ ಎಳಿಯೋದು ಒಂದು ಯಾಪಾರ."

ಸೊಸೆಗೆ ಸಿಟ್ಟು ಬಂತು. "ಏನೂ ಆಗಂಗಿಲ್ಲ ಅಂದ್ರೂ ಅನುಮಾನ, ಆಗ್ತೈತಿ ಅಂದ್ರೂ ಅನುಮಾನ. ನಿಮಗ ಯಾ ಡಾಕ್ಟರನ್ನ ಮಾಡಿಸಿ ತರಬೇಕ್ರಿ ಅತ್ತಿ?" ಆಟೋದವನು ಕನ್ನಡಿಯಲ್ಲಿ ನೋಡಿ ನಕ್ಕ.

ಆ ತಿಂಗಳು ನಾನೇ ಪರೀಕ್ಷೆ ಮಾಡಿದೆ. ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತೆ. ಒಂದೇ ಕಣ್ಣಿನಲ್ಲಿ ಆಗುವುದಾದರೆ ಯಾರ ಕತ್ತರಿಯೂ ಬೇಡ. ಚಹಾ ಲೋಟದ ಹೊರಗೆ ಬಿತ್ತು. ಕತ್ತರಿಯ ತುದಿ ದಾರಕ್ಕಿಂತ ಮುಂದೆ ಹೋಗಿ ಹೆಬ್ಬೆರಳಿಗೆ ಚುಚ್ಚಿತು. ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದೆ ಕೊನೆಯದಕ್ಕೆ ಕುಕ್ಕರುಬಡಿದೆ. ಬಟ್ಟೆ ಬಿಚ್ಚಿ ಒಗೆದೆ.

ಕುರುಗೋಡಿನ ತಮ್ಮ ಸುದ್ದಿ ಕೇಳಿ ಓಡಿಬಂದ. ಮಾವಿನಹಣ್ಣು ತಂದಿದ್ದ, ಅಲ್ಲೇ ಅನುಮಾನ ಬಂತು.

"ಅಕ್ಕಾ, ಹಾರೋ ಕಣ್ಣು ಕೊಯ್ಸಿಕೊಂತಾರನ? ದೇವರು ಕೊಟ್ಟಿದ್ದು."

"ದೇವರು ಕೊಟ್ಟಿದ್ದಲ್ಲಲೇ, ಖಂಡದ ನಡುಕ ಅದು. ರೆಪ್ಪಿ ಅಲ್ಲ, ಗುಡ್ಡಿ."

"ಏನರ ಇರಲಿ. ಇನ್ನೊಂದು ಬೋರ್ ಹಾಕೋತನಕ ತಡಿ. ಸಿಹಿನೀರು ಬೇಕಾಗೈತಿ."

"ನಾ ಮೆಟ್ಲಿಂದ ಬಿದ್ದ ಸತ್ರ ನನ್ನ ಹೆಣ ನಿಂದ್ರಿಸಿ ಬೋರ್ ಹಾಕ್ತಿಯೇನು?"

ಅವನು ಹಣ್ಣು ಇಟ್ಟು ಹೋದ. ಹಣ್ಣು ಚೆನ್ನಾಗಿದ್ದವು.

ಮುಂದಿನ ತಿಂಗಳು ಮೇಡಂ ಹೇಳಿದ ಮೂರನೆಯದಕ್ಕೆ ಹೂಂ ಅಂದೆ. ಅವಳನ್ನು ನಂಬಿ ಅಲ್ಲ. ಬಿಚ್ಚಿಕೊಳ್ಳಬಹುದು ಎಂದು ಬಾಯಿಬಿಟ್ಟು ಹೇಳಿದವಳು ಕತ್ತರಿ ಇಡುವಾಗಲೂ ಅದನ್ನು ನೆನಪಿಟ್ಟುಕೊಂಡಿರುತ್ತಾಳೆ, ಅಷ್ಟು ಲೆಕ್ಕ. ಒಂದು ಎರಡಾಗಿ ಕಂಡರೆ ಪ್ಯಾಂಟು ಹಿಡಿಯುವ ಜಾಗ ಬದಲಿಸಬಹುದು. ನಡುಗುವ ದಾರವನ್ನು ಯಾರೂ ಹಿಡಿಯಲಾರರು.

ಆ ದಿನ ಎಡಹುಬ್ಬಿನ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಒಳಗೆ ಕರೆದೊಯ್ಯುವ ಸಿಸ್ಟರಿಗೆ, "ಯಾವ ಕಣ್ಣು?" ಅಂದೆ. ಎಡ ಅಂದಳು. ನಿದ್ದೆಗೆ ಮದ್ದು ಕೊಡುವವನಿಗೂ ಕೇಳಿದೆ. ಎಡ. ಮೇಡಂಗೂ ಕೇಳಿದೆ.

"ನೀನೇ ಹೇಳು ಪೆದ್ದಮ್ಮಾ, ಯಾವುದು?"

"ಹಾರೋದು."

"ಹಾರೋ ಗುಡ್ಡಿ" ಎಂದು ತಿದ್ದಿದಳು. ಅಷ್ಟರಲ್ಲಿ ನಿದ್ದೆ ಬಂತು.

ಎಚ್ಚರಾದಾಗ ಕಣ್ಣಿಗೆ ಪಟ್ಟಿ ಇತ್ತು. ಪಟ್ಟಿ ತೆಗೆದ ಮೇಲೆ ಕಣ್ಣು ಕೆಂಡದಂತೆ ಕೆಂಪಾಗಿತ್ತು, ಮರಳು ತುಂಬಿದ ಹಾಗೆ ಒತ್ತುತ್ತಿತ್ತು. ನಡುಕ ಇರಲಿಲ್ಲ. ಆದರೆ ಕೆಳಗೆ ನೋಡಿದರೆ ನನಗೆ ನಾಲ್ಕು ಪಾದ. ಅವಳು ಹೇಳಿದ್ದೇ ಆಯಿತು. ಸೊಸೆಗೆ, "ನೋಡು, ಬಿಚ್ಚಿಕೊಂಡೈತಿ" ಅಂದೆ. ಮೇಡಂ ಬಂದು ನೋಡಿ, ಕಾಯೋಣ ಅಂದಳು. ಮುಖ ಅರಳಿಸಲಿಲ್ಲ, ಸಿನಿಮಾ ತೆಗೆಯಲಿಲ್ಲ. ಕಾದೆವು. ಮಳೆಗಾಲ ಮುಗಿಯುವ ಹೊತ್ತಿಗೆ ನಾಲ್ಕು ಪಾದ ಎರಡಾದವು. ಈಗಲೂ ತೀರಾ ಕೆಳಗೆ ಕಣ್ಣು ಇಳಿಸಿದರೆ ಎರಡು ಕಾಣುತ್ತದೆ. ಕನ್ನಡಕ ಬೇಡ ಅಂದೆ, ಇನ್ನೊಂದು ಆಪರೇಷನ್ ಅಂತೂ ಬೇಡವೇ ಬೇಡ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಪ್ಯಾಂಟು, ಎದೆಯ ಮಟ್ಟಕ್ಕೆ ಬಂದರೆ ದಾರ ಒಂದೇ. ಮೆಟ್ಟಿಲು ಇಳಿಯುವಾಗ ಗದ್ದವನ್ನು ಎದೆಗೆ ಒತ್ತಿಕೊಂಡರೆ ಮೆಟ್ಟಿಲೂ ಒಂದೇ. ಕೆಳಗಿನ ಮನೆಯವಳು, "ಏನಬೇ, ಈ ವಯಸ್ಸಿನಾಗ ಮದಲಗಿತ್ತಿಯಂಗ ತಲಿ ತಗ್ಗಿಸಿಕೊಂಡು ಬರ್ತಿ" ಎನ್ನುತ್ತಾಳೆ. ಹೂಂ, ನಿನ್ನ ಗಂಡನ್ನ ನೋಡಿ ನಾಚಿಕಿ ಬಂತು ಅಂದೆ. ಆಮೇಲೆ ಕೇಳಲಿಲ್ಲ.

ತಮ್ಮನ ಎರಡನೇ ಬೋರಿನಲ್ಲಿ ದೂಳು ಬಂತು. ಫೋನಿನಲ್ಲಿ ತಪ್ಪು ನನ್ನ ಮೇಲೆ ಹಾಕಿದ. "ಕಣ್ಣು ಕೊಯ್ಸಿಕೊಂಡಿ, ನೀರು ಹೋತು." ನೆಲವನ್ನ ಕೇಳು ಎಂದು ಫೋನಿಟ್ಟೆ.

ಸೊಸೆ ನನ್ನ ರಾಶಿ ಮುಟ್ಟುವುದು ಬಿಟ್ಟಿದ್ದಾಳೆ. ಬಿಟ್ಟಿದ್ದಾಳೋ, ನಾನಿಲ್ಲದಾಗ ನೋಡುತ್ತಾಳೋ ಎಂದು ನನಗೆ ಅನುಮಾನ. ಅದಕ್ಕೇ ಒಂದು ಪ್ಯಾಂಟಿನ ಒಳಜೇಬಿನಲ್ಲಿ ಬೇಕೆಂದೇ ಉದ್ದ ದಾರ ಬಿಟ್ಟು ಒಳಗೆ ಹೋಗಿ ಬಂದೆ. ದಾರ ಹಾಗೇ ಇತ್ತು. ನಾನೇ ಕತ್ತರಿಸಿದೆ.

ಮೊನ್ನೆ ಬೆಳಿಗ್ಗೆ ದಿಂಬಿನ ಮೇಲೆ ಪ್ಯಾಂಟು ಹರವಿಕೊಂಡು ಕೂತಿದ್ದೆ. ಎಡಗಣ್ಣು ಹಾರಿತು. ಕತ್ತರಿ ಕೆಳಗಿಟ್ಟು ದಾರವನ್ನು ನೋಡಿದೆ. ದಾರ ನೆಟ್ಟಗೆ, ಒಂದೇ, ಸುಮ್ಮನೆ ಇತ್ತು. ಬೆರಳು ರೆಪ್ಪೆಯ ಮೇಲಿಟ್ಟೆ. ಬೆರಳಿನ ಕೆಳಗೆ ರೆಪ್ಪೆ ಚಿಟಿಚಿಟಿ ಕುಣಿಯುತ್ತಿತ್ತು.

"ಯಾಕ್ರಿ ಅತ್ತಿ, ಕಣ್ಣಾಗ ಬೆರಳಿಟ್ಟೀರಿ?" ಎಂದಳು ಸೊಸೆ.

"ಕಸ ಬಿದ್ದೈತಿ" ಅಂದೆ. ಹಾರುತ್ತಿದೆ ಅಂದರೆ ಸಂಜೆಯ ಬಸ್ಸಿಗೆ ಕುರುಗೋಡಿನಿಂದ ಮಾವಿನಹಣ್ಣು ಬರುತ್ತಿತ್ತು. ರೆಪ್ಪೆ ನಿಲ್ಲುವವರೆಗೂ ಬೆರಳು ತೆಗೆಯಲಿಲ್ಲ. ನಿಂತ ಮೇಲೂ ದಾರವನ್ನು ಇನ್ನೊಂದು ಸಲ ನೋಡಿ, ಆಮೇಲೆ ಕತ್ತರಿಸಿದೆ.